ಎಲ್ಲ ಸಂತೋಷವೂ ‘ಹ್ಯಾಪಿ’ ಅಲ್ಲ: ಇಂಗ್ಲಿಷಿನ ಹರ್ಷಸೂಚಕ ಪದಗಳ ಕಿರು ಕೈಪಿಡಿ

ಹುಟ್ಟುಹಬ್ಬ, ಹೊಸ ವರ್ಷ, ದೀಪಾವಳಿ, ಮದುವೆಯ ವಾರ್ಷಿಕೋತ್ಸವ - ಸಂದರ್ಭ ಯಾವುದೇ ಇರಲಿ, ಕನ್ನಡಿಗರ ನಾಲಿಗೆಯ ಮೇಲೆ ಮೊದಲು ಬರುವ ಇಂಗ್ಲಿಷ್ ಪದ ‘ಹ್ಯಾಪಿ’. ಇಂಗ್ಲಿಷ್ ಬಾರದವರಿಗೂ ಈ ಪದ ಬರುತ್ತದೆ. ಆದರೆ ಉದ್ಯೋಗದ ಸಂದರ್ಶನ, ಮೇಲಧಿಕಾರಿಗೆ ಬರೆಯುವ ಇ-ಮೇಲ್, ವಿದೇಶಿ ಗ್ರಾಹಕರೊಡನೆ ದೂರವಾಣಿ ಸಂಭಾಷಣೆ, ಸಹೋದ್ಯೋಗಿಯ ಬಡ್ತಿಗೆ ಅಭಿನಂದನೆ - ಇವೆಲ್ಲ ಕಡೆಯೂ ಇದೊಂದೇ ಪದವನ್ನು ದುಡಿಸಿಕೊಂಡಾಗ ತೊಡಕು ಆರಂಭವಾಗುತ್ತದೆ. ಹೇಳಬೇಕೆಂದುಕೊಂಡ ಮಾತು ಸಪ್ಪೆಯಾಗುತ್ತದೆ. ಕೆಲವೊಮ್ಮೆ ಅರ್ಥವೇ ಬೇರೆಯಾಗುತ್ತದೆ.

ಒಂದು ಸಾಮಾನ್ಯ ಉದಾಹರಣೆ ಇಲ್ಲಿದೆ. ವರದಿಯೊಂದನ್ನು ಓದಿದ ಮೇಲಧಿಕಾರಿ ‘ಐ ಆಮ್ ನಾಟ್ ಹ್ಯಾಪಿ ವಿತ್ ದಿಸ್’ ಎಂದರೆ ಅವರಿಗೆ ದುಃಖವಾಗಿದೆ ಎಂದು ಅರ್ಥವಲ್ಲ. ‘ಇದು ನನಗೆ ಒಪ್ಪಿಗೆಯಾಗಿಲ್ಲ, ತಿದ್ದಿ ತನ್ನಿ’ ಎಂಬುದು ಅದರ ತಾತ್ಪರ್ಯ. ಅದೇ ಅಧಿಕಾರಿ ‘ಐ ವುಡ್ ಬಿ ಹ್ಯಾಪಿ ಟು ಹೆಲ್ಪ್’ ಎಂದರೆ ಅಲ್ಲಿಯೂ ಆನಂದದ ಮಾತಿಲ್ಲ. ‘ಅಗತ್ಯವಾಗಿ ನೆರವಾಗುತ್ತೇನೆ’ ಎಂಬ ಒಪ್ಪಿಗೆಯಷ್ಟೇ ಇದೆ. ಒಂದೇ ಪದ ಒಮ್ಮೆ ಎಚ್ಚರಿಕೆಯಾಗಿ, ಇನ್ನೊಮ್ಮೆ ಸಮ್ಮತಿಯಾಗಿ ನಿಲ್ಲುತ್ತದೆ. ಹೀಗಾಗಿ ಇಂಗ್ಲಿಷಿನಲ್ಲಿ ಸಂತೋಷವನ್ನು ಸೂಚಿಸುವ ಮುಖ್ಯ ಪದಗಳು, ಅವುಗಳ ಮೂಲ, ಬಳಕೆಯ ಕ್ರಮ ಹಾಗೂ ಎಡವುವ ಸ್ಥಳಗಳನ್ನು ಅರಿತುಕೊಳ್ಳುವುದು ಉಪಯುಕ್ತ.

ಅದೃಷ್ಟದಿಂದ ಹುಟ್ಟಿದ ಪದ

‘ಹ್ಯಾಪಿ’ ಪದದ ಮೂಲದಲ್ಲಿ ಸಂತೋಷವಿಲ್ಲ, ಅದೃಷ್ಟವಿದೆ. ಸ್ಕ್ಯಾಂಡಿನೇವಿಯಾದ ಹಳೆಯ ನಾರ್ಸ್ ಭಾಷೆಯ ‘ಹಪ್’ ಎಂಬ ಪದಕ್ಕೆ ಅದೃಷ್ಟ, ಯೋಗ ಎಂಬ ಅರ್ಥಗಳಿದ್ದವು. ಅದರಿಂದ ಇಂಗ್ಲಿಷಿಗೆ ‘ಹ್ಯಾಪ್’ ಬಂದಿತು. 14ನೇ ಶತಮಾನದಲ್ಲಿ ‘ಹ್ಯಾಪಿ’ ರೂಪುಗೊಂಡಿತು. ಆಗ ‘ಹ್ಯಾಪಿ’ ಎಂದರೆ ಅದೃಷ್ಟವಂತ ಎಂದರ್ಥ. ಮನಸ್ಸಿನ ಸಂತೋಷ ಎಂಬ ಅರ್ಥ ಆನಂತರ ಬೆಳೆದುಬಂದದ್ದು. ಇದೇ ಬೇರಿನಿಂದ ಹೊರಟ ಇತರ ಪದಗಳನ್ನು ಗಮನಿಸಿದರೆ ಈ ನಂಟು ಸ್ಪಷ್ಟವಾಗುತ್ತದೆ: ‘ಹ್ಯಾಪನ್’ (ಸಂಭವಿಸು), ‘ಪರ್‌ಹ್ಯಾಪ್ಸ್’ (ಬಹುಶಃ), ‘ಮಿಸ್‌ಹ್ಯಾಪ್’ (ಅವಘಡ), ‘ಹ್ಯಾಪ್‌ಲೆಸ್’ (ನತದೃಷ್ಟ). ಜರ್ಮನ್ ಭಾಷೆಯ ‘ಗ್ಲ್ಯುಕ್’ ಎಂಬ ಪದಕ್ಕೆ ಇಂದಿಗೂ ಅದೃಷ್ಟ ಮತ್ತು ಸಂತೋಷ ಎಂಬ ಎರಡೂ ಅರ್ಥಗಳಿವೆ.

ಕನ್ನಡದ ದಾರಿ ಬೇರೆ. ಸಂಸ್ಕೃತದಿಂದ ಬಂದ ‘ಸಂತೋಷ’ದ ಮೂಲದಲ್ಲಿ ತೃಪ್ತಿಯ ಅರ್ಥವಿದೆ. ‘ಹರ್ಷ’ದ ಮೂಲದಲ್ಲಿ ಮೈಯ ಕೂದಲು ನಿಮಿರುವ ಅನುಭವವಿದೆ, ‘ರೋಮಹರ್ಷಣ’ ಎಂಬ ಪದದಲ್ಲಿ ಅದು ಇಂದಿಗೂ ಉಳಿದಿದೆ. ‘ಖುಷಿ’ ಮತ್ತು ‘ಮಜಾ’ ಪರ್ಷಿಯನ್ ಭಾಷೆಯಿಂದ ಬಂದವು. ಅಲ್ಲಿ ‘ಮಜಾ’ ಎಂದರೆ ರುಚಿ. ಅಚ್ಚಗನ್ನಡದ ‘ಗೆಲುವು’ ಜಯವನ್ನೂ ಮನಸ್ಸಿನ ಲವಲವಿಕೆಯನ್ನೂ ಒಟ್ಟಿಗೆ ಸೂಚಿಸುತ್ತದೆ. ಜ್ವರ ಬಿಟ್ಟ ಮಗುವನ್ನು ಕುರಿತು ‘ಇವತ್ತು ಗೆಲುವಾಗಿದೆ’ ಎನ್ನುವಾಗ ಇರುವ ಅರ್ಥ ‘ಹ್ಯಾಪಿ’ಯಲ್ಲಿ ಇಲ್ಲ. ಅದಕ್ಕೆ ಇಂಗ್ಲಿಷಿನಲ್ಲಿ ‘ಚಿಯರ್‌ಫುಲ್’ ಬೇಕಾಗುತ್ತದೆ. ಕನ್ನಡದಲ್ಲಿ ಇಷ್ಟೊಂದು ಭೇದಗಳನ್ನು ಸಲೀಸಾಗಿ ಮಾಡುವವರು ಇಂಗ್ಲಿಷಿಗೆ ಹೊರಳಿದಾಗ ಒಂದೇ ಪದಕ್ಕೆ ಕಟ್ಟುಬೀಳುತ್ತಾರೆ ಎಂಬುದೇ ಇಲ್ಲಿನ ಸೋಜಿಗ.

ವಾಕ್ಯರಚನೆಯಲ್ಲಿಯೇ ವ್ಯತ್ಯಾಸ

ಕನ್ನಡದಲ್ಲಿ ‘ನನಗೆ ಸಂತೋಷವಾಯಿತು’ ಎನ್ನುತ್ತೇವೆ. ಇಲ್ಲಿ ಸಂತೋಷವೇ ಕರ್ತೃ. ಅನುಭವಿಸುವವನು ಚತುರ್ಥಿ ವಿಭಕ್ತಿಯಲ್ಲಿ ನಿಲ್ಲುತ್ತಾನೆ. ಹಸಿವು, ನಿದ್ದೆ, ಕೋಪಗಳಂತೆ ಸಂತೋಷವೂ ಮನುಷ್ಯನಿಗೆ ‘ಆಗುವ’ ಸಂಗತಿ. ಇಂಗ್ಲಿಷಿನಲ್ಲಿ ಅನುಭವಿಸುವವನೇ ಕರ್ತೃ. ಸಂತೋಷ ಅವನ ವಿಶೇಷಣ. ‘ಹ್ಯಾಪಿನೆಸ್ ಕೇಮ್ ಟು ಮಿ’ ಎಂಬಂತಹ ವಾಕ್ಯಗಳು ಇಂಗ್ಲಿಷ್ ಕಿವಿಗೆ ಕೃತಕವಾಗಿ ಕೇಳುವುದು ಈ ಕಾರಣದಿಂದ.

ಇನ್ನೆರಡು ದೋಷಗಳು ನಿತ್ಯ ಕಾಣಸಿಗುತ್ತವೆ. ಮೊದಲನೆಯದು ‘ಎಂಜಾಯ್’ ಕ್ರಿಯಾಪದದ್ದು. ಪ್ರವಾಸ ಹೇಗಿತ್ತು ಎಂದು ಕೇಳಿದರೆ ‘ವಿ ಎಂಜಾಯ್ಡ್ ಎ ಲಾಟ್’ ಎಂಬ ಉತ್ತರ ಬರುತ್ತದೆ. ಬ್ರಿಟಿಷ್ ಹಾಗೂ ಅಮೆರಿಕನ್ ಬಳಕೆಯಲ್ಲಿ ‘ಎಂಜಾಯ್’ ಸಕರ್ಮಕ; ಏನನ್ನು ಆನಂದಿಸಿದಿರಿ ಎಂಬುದು ವಾಕ್ಯದಲ್ಲಿ ಇರಲೇಬೇಕು. ‘ವಿ ಎಂಜಾಯ್ಡ್ ದ ಟ್ರಿಪ್’ ಅಥವಾ ‘ವಿ ಎಂಜಾಯ್ಡ್ ಅವರ್‌ಸೆಲ್ವ್ಸ್’ ಸರಿಯಾದ ರೂಪಗಳು. ಎರಡನೆಯದು ‘ಎಕ್ಸೈಟೆಡ್’ ಮತ್ತು ‘ಎಕ್ಸೈಟಿಂಗ್’ ನಡುವಣ ಗೊಂದಲ. ಉತ್ಸಾಹಗೊಂಡವನು ‘ಎಕ್ಸೈಟೆಡ್’, ಉತ್ಸಾಹ ಹುಟ್ಟಿಸುವ ಸಂಗತಿ ‘ಎಕ್ಸೈಟಿಂಗ್’. ಹೊಸ ಕೆಲಸಕ್ಕೆ ಸೇರುವ ಅಭ್ಯರ್ಥಿ ‘ಐ ಆಮ್ ವೆರಿ ಎಕ್ಸೈಟಿಂಗ್’ ಎಂದರೆ ತನ್ನನ್ನು ತಾನೇ ಹೊಗಳಿಕೊಂಡಂತೆ.

ನಿತ್ಯ ಬಳಕೆಯ ಪದಗಳು

ದಿನನಿತ್ಯದ ಮಾತು, ಪತ್ರಗಳಲ್ಲಿ ಐದಾರು ಪದಗಳನ್ನು ಸರಿಯಾಗಿ ಬಳಸಲು ತಿಳಿದರೆ ಬಹುಪಾಲು ಸಂದರ್ಭಗಳನ್ನು ನಿಭಾಯಿಸಬಹುದು.

* ಹ್ಯಾಪಿ: ಅತ್ಯಂತ ವ್ಯಾಪಕವಾದ ಪದ. ಅರ್ಥವನ್ನು ನಿರ್ಧರಿಸುವುದು ಅದರ ಬೆನ್ನಿಗೆ ಬರುವ ಚಿಕ್ಕ ಪದ. ‘ಹ್ಯಾಪಿ ವಿತ್’ ಎಂದರೆ ತೃಪ್ತಿ, ಒಪ್ಪಿಗೆ. ‘ಹ್ಯಾಪಿ ಅಬೌಟ್’ ಎಂದರೆ ಒಂದು ಬೆಳವಣಿಗೆಯ ಬಗ್ಗೆ ಸಂತೋಷ. ‘ಹ್ಯಾಪಿ ಫಾರ್’ ಎಂದರೆ ಇನ್ನೊಬ್ಬರ ಏಳಿಗೆಯನ್ನು ಕಂಡು ಪಡುವ ಸಂತೋಷ. ಗೆಳೆಯನಿಗೆ ಬಡ್ತಿ ದೊರೆತಾಗ ‘ಐ ಆಮ್ ಹ್ಯಾಪಿ ಫಾರ್ ಯು’ ಎನ್ನಬೇಕು. ‘ಹ್ಯಾಪಿ ವಿತ್ ಯು’ ಎಂದರೆ ಆತನ ಕೆಲಸವನ್ನು ಪರಿಶೀಲಿಸಿ ಮೆಚ್ಚಿದ ಅಧಿಕಾರಿಯ ಧಾಟಿ ಬರುತ್ತದೆ.

* ಗ್ಲ್ಯಾಡ್: ಹಳೆಯ ಇಂಗ್ಲಿಷಿನಲ್ಲಿ ಇದಕ್ಕೆ ಹೊಳೆಯುವ, ಬೆಳಗುವ ಎಂಬ ಅರ್ಥವಿತ್ತು. ಇಂದು ಇದು ಒಂದು ನಿರ್ದಿಷ್ಟ ಕಾರಣಕ್ಕೆ ಆದ, ಅಲ್ಪಕಾಲದ ಸಂತೋಷ. ಅದರಲ್ಲಿ ಹಲವು ವೇಳೆ ನಿರಾಳತೆಯ ಎಳೆಯೂ ಸೇರಿರುತ್ತದೆ. ಅಪಘಾತದಿಂದ ಪಾರಾದವರಿಗೆ ‘ಐ ಆಮ್ ಗ್ಲ್ಯಾಡ್ ಯು ಆರ್ ಸೇಫ್’ ಎನ್ನುತ್ತಾರೆ; ಕನ್ನಡದಲ್ಲಿ ‘ಸದ್ಯ, ಏನೂ ಆಗಲಿಲ್ಲವಲ್ಲ’ ಎನ್ನುವಾಗಿನ ‘ಸದ್ಯ’ ಎಂಬ ಪದದ ಭಾವ ಇದಕ್ಕೆ ಅತ್ಯಂತ ಸಮೀಪ. ವ್ಯಕ್ತಿಯ ಸ್ವಭಾವವನ್ನು ಹೇಳಲು ಈ ಪದ ಬರುವುದಿಲ್ಲ. ‘ಎ ಹ್ಯಾಪಿ ಚೈಲ್ಡ್’ ಸರಿ, ‘ಎ ಗ್ಲ್ಯಾಡ್ ಚೈಲ್ಡ್’ ರೂಢಿಯಲ್ಲಿಲ್ಲ. ‘ಗ್ಲ್ಯಾಡ್ ಟೈಡಿಂಗ್ಸ್’ (ಶುಭವಾರ್ತೆ) ಎಂಬಂತಹ ಹಳೆಯ ಜೋಡಿಗಳು ಮಾತ್ರ ಇದಕ್ಕೆ ಅಪವಾದ.

* ಪ್ಲೀಸ್ಡ್: ಮೆಚ್ಚುಗೆ ಬೆರೆತ, ತುಸು ಔಪಚಾರಿಕವಾದ ಸಂತೋಷ. ಶಿಕ್ಷಕರು ವಿದ್ಯಾರ್ಥಿಯ ಫಲಿತಾಂಶದಿಂದ, ಸಂಸ್ಥೆಯು ನೌಕರನ ಕೆಲಸದಿಂದ ‘ಪ್ಲೀಸ್ಡ್’ ಆಗುತ್ತದೆ. ನೇಮಕಾತಿ ಪತ್ರಗಳ ‘ವಿ ಆರ್ ಪ್ಲೀಸ್ಡ್ ಟು ಇನ್‌ಫಾರ್ಮ್ ಯು’ ಎಂಬ ಒಕ್ಕಣೆಯೇ ಕನ್ನಡದ ಕಚೇರಿ ಪತ್ರಗಳಲ್ಲಿ ‘ತಿಳಿಸಲು ಹರ್ಷಿಸುತ್ತೇವೆ’ ಎಂದಾಗಿದೆ. ‘ಪ್ಲೀಸ್ಡ್ ವಿತ್ ಹಿಮ್‌ಸೆಲ್ಫ್’ ಎಂಬುದು ಮಾತ್ರ ಹೊಗಳಿಕೆಯಲ್ಲ. ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳುವವನ ಬಗೆಗಿನ ಚುಚ್ಚುಮಾತು.

* ಡಿಲೈಟೆಡ್: ‘ಪ್ಲೀಸ್ಡ್’ಗಿಂತ ಒಂದು ಮೆಟ್ಟಿಲು ಮೇಲಿನದು, ಹೆಚ್ಚು ಆತ್ಮೀಯವಾದದ್ದು. ಆಹ್ವಾನವನ್ನು ಒಪ್ಪಿಕೊಳ್ಳುವಾಗ ‘ಐ ವುಡ್ ಬಿ ಡಿಲೈಟೆಡ್ ಟು ಕಮ್’ ಎಂಬುದು ಸಭ್ಯ ಉತ್ತರ. ಲ್ಯಾಟಿನ್ ಮೂಲದಿಂದ ಫ್ರೆಂಚ್ ಮೂಲಕ ಬಂದ ಈ ಪದಕ್ಕೂ ಬೆಳಕು ಎಂಬರ್ಥದ ‘ಲೈಟ್’ ಪದಕ್ಕೂ ಸಂಬಂಧವಿಲ್ಲ. ‘ಲೈಟ್’ ಪದದ ಪ್ರಭಾವದಿಂದ 16ನೇ ಶತಮಾನದಲ್ಲಿ ಅದರ ಕಾಗುಣಿತ ಬದಲಾಯಿತು ಅಷ್ಟೆ.

* ಕಂಟೆಂಟ್: ಇನ್ನೇನೂ ಬೇಕೆನಿಸದ ಸ್ಥಿತಿ, ಕನ್ನಡದ ‘ನೆಮ್ಮದಿ’ಗೆ ಹತ್ತಿರ. ‘ಒಳಗೊಂಡ, ಎಲ್ಲೆಯೊಳಗೆ ಇರುವ’ ಎಂಬ ಅರ್ಥದ ಲ್ಯಾಟಿನ್ ಪದ ಇದರ ಮೂಲ. ಉಚ್ಚಾರದಲ್ಲಿ ಎಚ್ಚರ ಬೇಕು: ಒತ್ತು ಎರಡನೆಯ ಭಾಗದ ಮೇಲೆ ಬಿದ್ದರೆ ನೆಮ್ಮದಿ, ಮೊದಲ ಭಾಗದ ಮೇಲೆ ಬಿದ್ದರೆ ‘ವಸ್ತು, ಹೂರಣ’ ಎಂಬ ಅರ್ಥದ ಬೇರೆ ಪದ. ಸಂದರ್ಶನದಲ್ಲಿ ಈಗಿನ ಕೆಲಸದ ಬಗ್ಗೆ ‘ಕಂಟೆಂಟ್’ ಎಂದರೆ ಮುಂದೆ ಬೆಳೆಯುವ ಆಸೆಯಿಲ್ಲ ಎಂಬ ಅರ್ಥವೂ ಹೊಮ್ಮಬಹುದು.

* ಸ್ಯಾಟಿಸ್‌ಫೈಡ್: ಲ್ಯಾಟಿನ್ನಿನಲ್ಲಿ ‘ಸಾತಿಸ್’ ಎಂದರೆ ಸಾಕು. ನಿರೀಕ್ಷೆಗೆ ತಕ್ಕಷ್ಟು ದೊರೆತಾಗ ಆಗುವ ತೃಪ್ತಿ ಇದು. ಇದೇ ಕುಟುಂಬದ ‘ಸ್ಯಾಟಿಸ್‌ಫ್ಯಾಕ್ಟರಿ’ ಎಂಬ ಪದವನ್ನು ಶಾಲೆಯ ಪ್ರಗತಿಪತ್ರದಲ್ಲಿ ಕಂಡು ಬೀಗುವಂತಿಲ್ಲ. ‘ಅಡ್ಡಿಯಿಲ್ಲ’ ಎಂಬುದಕ್ಕಿಂತ ಹೆಚ್ಚಿನ ಪ್ರಶಂಸೆ ಅದರಲ್ಲಿಲ್ಲ.

ತೀವ್ರತೆಯ ಮೆಟ್ಟಿಲುಗಳು

ಸಂತೋಷ ಮಿತಿಮೀರಿದಾಗ ಬಳಸುವ ಪದಗಳ ಸಾಲು ಇನ್ನೊಂದು. ‘ಥ್ರಿಲ್ಡ್’ ಎಂದರೆ ಪುಳಕಿತ. ಅದರ ಮೂಲ ಅರ್ಥ ‘ಚುಚ್ಚು, ತೂತು ಕೊರೆ’. ಮೂಗಿನ ಹೊಳ್ಳೆ ಎಂಬರ್ಥದ ‘ನಾಸ್ಟ್ರಿಲ್’ ಪದದ ಕೊನೆಯ ಭಾಗವೂ ಅದೇ ಬೇರಿನದು. ‘ಎಲೇಟೆಡ್’ ಎಂದರೆ ಮೇಲಕ್ಕೆ ಎತ್ತಲ್ಪಟ್ಟ. ಪರೀಕ್ಷೆ, ಚುನಾವಣೆ, ಪಂದ್ಯಗಳ ಗೆಲುವಿನ ನಂತರದ ಸಂಭ್ರಮಕ್ಕೆ ಒಪ್ಪುತ್ತದೆ. ‘ಎಕ್ಸಿಲರೇಟೆಡ್’ ಪದದಲ್ಲಿ ಮೈಮನಗಳೆರಡೂ ಚುರುಕುಗೊಂಡ ಅನುಭವವಿದೆ. ಮುಳ್ಳಯ್ಯನಗಿರಿಯ ನೆತ್ತಿಯ ಗಾಳಿಗೆ ಮುಖವೊಡ್ಡಿದಾಗಿನ ಉಲ್ಲಾಸಕ್ಕೆ ಈ ಪದ ಸೂಕ್ತ. ‘ಎಕ್ಸ್‌ಟ್ಯಾಟಿಕ್’ ಗ್ರೀಕ್ ಮೂಲದ್ದು. ತನ್ನಿಂದ ತಾನೇ ಹೊರಗೆ ನಿಲ್ಲುವುದು ಎಂಬುದು ಅದರ ಮೂಲಾರ್ಥ. ‘ಮೈಮರೆತ’ ಎಂಬ ಕನ್ನಡದ ಮಾತು ಅದಕ್ಕೆ ಸಹಜ ಸಮಾನಾರ್ಥಕ.

‘ಜಾಯ್’ ಮತ್ತು ‘ಬ್ಲಿಸ್’ ಎಂಬ ನಾಮಪದಗಳು ಈ ಸಾಲಿನಲ್ಲಿ ಇದ್ದೂ ಬೇರೆ ನಿಲ್ಲುತ್ತವೆ. ‘ಜಾಯ್’ ಆಳವಾದ, ಒಳಗಿನಿಂದ ಉಕ್ಕುವ ಆನಂದ. ಮಗು ಹುಟ್ಟಿದಾಗ, ಬಹುಕಾಲದ ಅಗಲಿಕೆಯ ನಂತರ ಬಂಧುಗಳು ಸೇರಿದಾಗ ಆಗುವಂಥದು. ‘ಬ್ಲಿಸ್’ ಕೊರತೆಯ ನೆರಳೇ ಇಲ್ಲದ ಪರಮಸುಖ. ವೇದಾಂತದ ‘ಆನಂದ’ ಎಂಬ ಪರಿಭಾಷೆಯನ್ನು ಇಂಗ್ಲಿಷಿಗೆ ತರುವವರು ಸಾಮಾನ್ಯವಾಗಿ ಈ ಪದವನ್ನೇ ಆರಿಸಿಕೊಂಡಿದ್ದಾರೆ.

ಇಲ್ಲಿ ಒಂದು ವ್ಯಾಕರಣ ನಿಯಮವಿದೆ. ‘ಹ್ಯಾಪಿ’, ‘ಪ್ಲೀಸ್ಡ್’ ಮೊದಲಾದ ಪದಗಳಿಗೆ ‘ವೆರಿ’ ಸೇರಿಸಬಹುದು. ಆದರೆ ‘ಎಕ್ಸ್‌ಟ್ಯಾಟಿಕ್’, ‘ಓವರ್‌ಜಾಯ್ಡ್’ ಮುಂತಾದ ಪದಗಳಲ್ಲಿ ತೀವ್ರತೆ ಮೊದಲೇ ತುಂಬಿರುವುದರಿಂದ ‘ವೆರಿ’ ಹೊಂದುವುದಿಲ್ಲ, ‘ಆ್ಯಬ್ಸೊಲ್ಯೂಟ್ಲಿ’ ಹೊಂದುತ್ತದೆ. ‘ಥ್ರಿಲ್ಡ್’ ಮತ್ತು ‘ಡಿಲೈಟೆಡ್’ ಪದಗಳಿಗೂ ‘ಆ್ಯಬ್ಸೊಲ್ಯೂಟ್ಲಿ’ಯೇ ಚೆನ್ನ.

ದೇಶದಿಂದ ದೇಶಕ್ಕೆ ಅಳತೆಗೋಲು ಬದಲಾಗುವುದನ್ನೂ ಗಮನಿಸಬೇಕು. ಅಮೆರಿಕನ್ನರು ಸಣ್ಣ ಸಂಗತಿಗೂ ‘ಆಸಮ್’ ಎನ್ನುವುದುಂಟು. ಬ್ರಿಟಿಷರು ತಗ್ಗಿಸಿ ಮಾತನಾಡುತ್ತಾರೆ. ಅವರ ‘ನಾಟ್ ಬ್ಯಾಡ್’ ಕೆಲವೊಮ್ಮೆ ನಿಜವಾದ ಮೆಚ್ಚುಗೆ. ಕನ್ನಡದಲ್ಲಿ ‘ಪರವಾಗಿಲ್ಲವೇ!’ ಎಂದು ಬೆರಗಿನಿಂದ ಹೇಳುವಾಗಿನ ಅರ್ಥವೇ ಅದು. ‘ಕ್ವೈಟ್’ ಪದ ಇನ್ನೂ ಜಾರುಮಣೆ: ‘ಕ್ವೈಟ್ ಪ್ಲೀಸ್ಡ್’ ಎಂದರೆ ಅಮೆರಿಕನ್ನರಿಗೆ ಬಹಳ ಸಂತೋಷ, ಬ್ರಿಟಿಷರ ಬಾಯಲ್ಲಿ ಅದು ಹಲವು ವೇಳೆ ‘ಒಂದು ಮಟ್ಟಿಗೆ’ ಎಂದಷ್ಟೇ ಅರ್ಥ. ಎರಡೂ ದೇಶಗಳ ಗ್ರಾಹಕರೊಡನೆ ವ್ಯವಹರಿಸುವ ಬೆಂಗಳೂರಿನ ಉದ್ಯೋಗಿಗಳಿಗೆ ಇದು ಕೇವಲ ಪಾಂಡಿತ್ಯದ ವಿಷಯವಲ್ಲ.

ಸ್ವಭಾವ, ಮುಖಭಾವ, ಮೂಡ್

ಕ್ಷಣದ ಸಂತೋಷಕ್ಕೂ ಸದಾ ಸಂತೋಷದಿಂದಿರುವ ಸ್ವಭಾವಕ್ಕೂ ಇಂಗ್ಲಿಷ್ ಬೇರೆ ಬೇರೆ ಪದಗಳನ್ನು ಇಟ್ಟುಕೊಂಡಿದೆ. ‘ಚಿಯರ್‌ಫುಲ್’ ಸ್ವಭಾವವನ್ನೂ ಹೇಳಬಲ್ಲದು, ಹೊರಗೆ ಕಾಣುವ ಲವಲವಿಕೆಯನ್ನೂ ಹೇಳಬಲ್ಲದು. ‘ಚಿಯರ್’ ಪದಕ್ಕೆ ಮೊದಲಿದ್ದ ಅರ್ಥ ಮುಖ. ಹಳೆಯ ಫ್ರೆಂಚಿನಿಂದ ಬಂದ ಈ ಪದ ಮುಖದಿಂದ ಮುಖಭಾವಕ್ಕೆ, ಅಲ್ಲಿಂದ ಮನೋಭಾವಕ್ಕೆ ಸರಿಯಿತು. ಸಂತೋಷವಾದಾಗ ಕನ್ನಡದಲ್ಲಿಯೂ ‘ಮುಖ ಅರಳಿತು’, ‘ಮುಖ ಮೊರದಗಲವಾಯಿತು’ ಎನ್ನುವುದನ್ನು ಇಲ್ಲಿ ನೆನೆಯಬಹುದು.

‘ಜೋವಿಯಲ್’ ಪದದ ಹಿಂದೆ ಜ್ಯೋತಿಷವಿದೆ. ರೋಮನ್ನರ ಜೂಪಿಟರ್ ದೇವತೆಗೆ ‘ಜೋವ್’ ಎಂಬ ಹೆಸರೂ ಇತ್ತು. ಆ ಹೆಸರಿನ ಗ್ರಹದ ಪ್ರಭಾವದಲ್ಲಿ ಹುಟ್ಟಿದವರು ನಗುಮುಖದವರು ಎಂಬ ಯುರೋಪಿನ ನಂಬಿಕೆಯಿಂದ ಈ ಪದ ಬಂದಿತು. ನಮ್ಮಲ್ಲಿ ಅದೇ ಗ್ರಹ ಗುರು. ‘ಗುರುಬಲ’ವನ್ನು ಶುಭವೆಂದು ಎಣಿಸುವ ಇಲ್ಲಿನ ನಂಬಿಕೆಯೂ ಅದಕ್ಕೆ ದೂರವಲ್ಲ. ‘ಸ್ಯಾಂಗ್ವಿನ್’ ಪದದ ಹಿಂದಿರುವುದು ವೈದ್ಯಶಾಸ್ತ್ರ. ದೇಹದ ನಾಲ್ಕು ರಸಗಳು ಮನುಷ್ಯನ ಸ್ವಭಾವವನ್ನು ನಿರ್ಧರಿಸುತ್ತವೆ ಎಂದು ಹಳೆಯ ಯುರೋಪಿನ ವೈದ್ಯರು ನಂಬಿದ್ದರು. ರಕ್ತ ಪ್ರಧಾನವಾದವನು ಆಶಾವಾದಿ. ಲ್ಯಾಟಿನ್ನಿನ ರಕ್ತವಾಚಕ ಪದವೇ ಅವನ ಹೆಸರಾಯಿತು. ‘ಗುಡ್ ಹ್ಯೂಮರ್’ ಎಂಬ ಜೋಡಿಯಲ್ಲಿನ ‘ಹ್ಯೂಮರ್’ ಆ ರಸಗಳ ಹೆಸರೇ.

‘ಜಾಲಿ’ ಪದವನ್ನು ಕನ್ನಡಿಗರು ಸ್ವಂತ ಮಾಡಿಕೊಂಡಿದ್ದಾರೆ. ‘ಜಾಲಿ ರೈಡ್’, ‘ಜಾಲಿಯಾಗಿದ್ದಾನೆ’ ಎಂಬ ಮಾತುಗಳು ಕಾಲೇಜು ಆವರಣಗಳಲ್ಲಿ ಸಾಮಾನ್ಯ. ಇಂದಿನ ಬ್ರಿಟನ್ನಿನಲ್ಲಿ ಈ ಪದಕ್ಕೆ ಹಳೆಯ ಕಾಲದ ವಾಸನೆಯಿದೆ. ‘ಮೆರ್ರಿ’ ಹೆಚ್ಚಾಗಿ ಕ್ರಿಸ್‌ಮಸ್‌ಗೆ ಅಂಟಿಕೊಂಡಿದೆ. ಚಾರ್ಲ್ಸ್ ಡಿಕನ್ಸ್‌ನ ‘ಎ ಕ್ರಿಸ್‌ಮಸ್ ಕ್ಯಾರಲ್’ ಪ್ರಕಟವಾದ 1843ರಲ್ಲಿಯೇ ಲಂಡನ್ನಿನಲ್ಲಿ ಮೊದಲ ವಾಣಿಜ್ಯ ಕ್ರಿಸ್‌ಮಸ್ ಕಾರ್ಡ್ ಅಚ್ಚಾಯಿತು. ಅದರಲ್ಲಿಯೂ ಈ ಪದವಿತ್ತು. ಬ್ರಿಟನ್ನಿನ ಮಾತಿನಲ್ಲಿ ‘ಮೆರ್ರಿ’ ಎಂದರೆ ತುಸು ಅಮಲೇರಿದ ಎಂಬ ಅರ್ಥವೂ ಇರುವುದರಿಂದ ವ್ಯಕ್ತಿಗೆ ಬಳಸುವಾಗ ಎಚ್ಚರ ಅಗತ್ಯ.

ಅತಿ ಹೆಚ್ಚು ತಪ್ಪಾಗುವುದು ‘ಮೂಡ್’ ಪದದಲ್ಲಿ. ಕನ್ನಡದ ಆಡುಮಾತಿನಲ್ಲಿ ‘ಒಳ್ಳೇ ಮೂಡಲ್ಲಿದ್ದಾರೆ’, ‘ಮೂಡಿಲ್ಲ’ ಎಂಬ ಬಳಕೆಗಳಿವೆ. ಇಂಗ್ಲಿಷಿನಲ್ಲಿ ‘ಇನ್ ಎ ಗುಡ್ ಮೂಡ್’ ಎಂದು ಬಿಡಿಸಿ ಹೇಳಬೇಕು. ‘ಗುಡ್’ ಬಿಟ್ಟು ‘ಹಿ ಈಸ್ ಇನ್ ಎ ಮೂಡ್’ ಎಂದರೆ ಆತ ಸಿಡುಕಿನಲ್ಲಿದ್ದಾನೆ ಎಂದಾಗುತ್ತದೆ. ‘ಮೂಡಿ’ ಎಂದರೂ ಅಷ್ಟೇ: ಗಳಿಗೆಗೊಂದು ಬಗೆಯ, ಮುಖ ಊದಿಸಿಕೊಳ್ಳುವ ಸ್ವಭಾವ. ಒಳ್ಳೆಯ ಮನಃಸ್ಥಿತಿಯನ್ನು ಹೇಳಲು ‘ಇನ್ ಗುಡ್ ಸ್ಪಿರಿಟ್ಸ್’ ಎಂಬ ಮಾತೂ ಇದೆ. ಶಸ್ತ್ರಚಿಕಿತ್ಸೆಯ ನಂತರ ಚೇತರಿಸಿಕೊಳ್ಳುತ್ತಿರುವ ರೋಗಿಯ ಧೈರ್ಯ, ಗೆಲುವುಗಳನ್ನು ಸೂಚಿಸಲು ಇದು ಹೇಳಿ ಮಾಡಿಸಿದಂತಿದೆ.

ಚಂದ್ರನ ಮೇಲೆ, ಮೋಡದ ಮೇಲೆ

ಇಂಗ್ಲಿಷಿನ ನುಡಿಗಟ್ಟುಗಳಲ್ಲಿ ಸಂತೋಷ ಯಾವಾಗಲೂ ಮೇಲೇರುತ್ತದೆ. ‘ಓವರ್ ದ ಮೂನ್’, ‘ಆನ್ ಕ್ಲೌಡ್ ನೈನ್’, ‘ಆನ್ ಟಾಪ್ ಆಫ್ ದ ವರ್ಲ್ಡ್’, ‘ವಾಕಿಂಗ್ ಆನ್ ಏರ್’, ‘ಇನ್ ಸೆವೆಂತ್ ಹೆವನ್’ - ಎಲ್ಲವೂ ನೆಲಬಿಟ್ಟ ಮಾತುಗಳು. ‘ಸ್ವರ್ಗಕ್ಕೆ ಮೂರೇ ಗೇಣು’, ‘ಕಾಲು ನೆಲದ ಮೇಲೆ ನಿಲ್ಲಲಿಲ್ಲ’ ಎನ್ನುವ ಕನ್ನಡಿಗರಿಗೆ ಇವು ಅಪರಿಚಿತವೆನಿಸವು.

ಕೆಲವು ನುಡಿಗಟ್ಟುಗಳು ಸ್ಥಳೀಯ ಜೀವನದಿಂದ ಬಂದಿವೆ. ಅಮೆರಿಕದ ‘ಹ್ಯಾಪಿ ಆ್ಯಸ್ ಎ ಕ್ಲ್ಯಾಮ್’ ಎಂಬುದರಲ್ಲಿ ಬರುವ ಜೀವಿಯನ್ನು ನಮ್ಮ ಕರಾವಳಿಯವರು ಮರುವಾಯಿ ಎನ್ನುತ್ತಾರೆ. ಚಿಪ್ಪಿನೊಳಗಿನ ಈ ಜೀವಿಯನ್ನು ಜನರು ಅಗೆದು ತೆಗೆಯುವುದು ಇಳಿತದ ವೇಳೆಯಲ್ಲಿ. ಮೂಲ ನುಡಿಗಟ್ಟಿನಲ್ಲಿ ‘ಭರತದ ಹೊತ್ತಿನಲ್ಲಿ’ ಎಂಬ ಭಾಗವೂ ಇತ್ತು: ನೀರು ಏರಿದಾಗ ಅದು ಸುರಕ್ಷಿತ, ಆದ್ದರಿಂದ ಸುಖಿ. ಬ್ರಿಟನ್ನಿನ ‘ಪ್ಲೀಸ್ಡ್ ಆ್ಯಸ್ ಪಂಚ್’ ಗೊಂಬೆಯಾಟದ ಪಾತ್ರವೊಂದರ ಹೆಸರಿನಿಂದ ಬಂದದ್ದು. ತಾನು ಮಾಡಿದ ಕಿಡಿಗೇಡಿತನಕ್ಕೆ ತಾನೇ ಹಿಗ್ಗುವ ಪಂಚ್‌ನ ಆಟವನ್ನು ಲಂಡನ್ನಿನಲ್ಲಿ ಕಂಡದ್ದಾಗಿ ಸ್ಯಾಮುಯಲ್ ಪೀಪ್ಸ್ 1662ರ ತನ್ನ ದಿನಚರಿಯಲ್ಲಿ ದಾಖಲಿಸಿದ್ದಾನೆ. ಬ್ರಿಟಿಷರ ‘ಚಫ್ಡ್’, ಅಮೆರಿಕನ್ನರ ‘ಸ್ಟೋಕ್ಡ್’ ಗೆಳೆಯರ ನಡುವಿನ ಮಾತುಗಳು. ಅರ್ಜಿ, ಮನವಿ, ಅಧಿಕೃತ ಪತ್ರಗಳಲ್ಲಿ ಇಂತಹ ಪದಗಳಿಗೆ ಸ್ಥಾನವಿಲ್ಲ.

ಅರ್ಥ ಕಳೆದುಕೊಂಡ ಪದಗಳು

ಹಳೆಯ ಇಂಗ್ಲಿಷ್ ಸಾಹಿತ್ಯವನ್ನು ಓದುವ ವಿದ್ಯಾರ್ಥಿಗಳು ಗಮನಿಸಬೇಕಾದ ಕೆಲವು ಪದಗಳಿವೆ. ಇಂದು ಪೆದ್ದು ಎಂಬರ್ಥ ಕೊಡುವ ‘ಸಿಲ್ಲಿ’ ಒಂದು ಕಾಲದಲ್ಲಿ ಧನ್ಯ, ಸುಖಿ ಎಂಬ ಅರ್ಥದ ಪದವಾಗಿತ್ತು. ಧನ್ಯನಾದವನು ಮುಗ್ಧನಾದ, ಮುಗ್ಧನು ಮರುಕಕ್ಕೆ ಪಾತ್ರನಾದ, ಕೊನೆಗೆ ದಡ್ಡನೆನಿಸಿದ. ‘ಬ್ಲೈದ್’ ಪದಕ್ಕೆ ಹರ್ಷಚಿತ್ತ ಎಂಬ ಅರ್ಥವಿತ್ತು. ಅದರಿಂದ ಬಂದ ‘ಬ್ಲೈದ್ಲಿ’ ಇಂದು ಹೊಣೆಯರಿಯದ ಉಡಾಫೆಯನ್ನು ಸೂಚಿಸುತ್ತದೆ. ‘ಹಿಲೇರಿಯಸ್’ ಉಲ್ಲಾಸದಿಂದ ಹೊರಟು ‘ನಕ್ಕು ನಕ್ಕು ಸುಸ್ತಾಗಿಸುವ’ ಎಂಬಲ್ಲಿಗೆ ಬಂದಿದೆ. ಆದ್ದರಿಂದ ‘ನನಗೆ ತುಂಬ ಸಂತೋಷವಾಗಿದೆ’ ಎಂಬುದಕ್ಕೆ ‘ಐ ಆಮ್ ಹಿಲೇರಿಯಸ್’ ಎಂದರೆ ಕೇಳಿದವರು ನಕ್ಕಾರು.

‘ಗೇ’ ಪದದ ಬದಲಾವಣೆ ಎಲ್ಲಕ್ಕಿಂತ ದೊಡ್ಡದು. 1807ರಲ್ಲಿ ಪ್ರಕಟವಾದ, ‘ಡ್ಯಾಫೊಡಿಲ್ಸ್’ ಎಂದೇ ಪರಿಚಿತವಾದ ವರ್ಡ್ಸ್‌ವರ್ತ್‌ನ ಕವನದಲ್ಲಿ ಈ ಪದ ಉಲ್ಲಸಿತ ಎಂಬ ಅರ್ಥದಲ್ಲಿಯೇ ಬಂದಿದೆ. 20ನೇ ಶತಮಾನದ ಉತ್ತರಾರ್ಧದಲ್ಲಿ ಸಲಿಂಗಾಸಕ್ತ ಎಂಬ ಅರ್ಥವೇ ಪ್ರಧಾನವಾಯಿತು. ಆ ಸಮುದಾಯವೂ ಗೌರವದಿಂದ ಒಪ್ಪಿಕೊಂಡ ಪದ ಅದು. ಉಲ್ಲಾಸ ಎಂಬ ಹಳೆಯ ಅರ್ಥದಲ್ಲಿ ಇಂದು ಅದನ್ನು ಬಳಸುವಂತಿಲ್ಲ, ಹಳೆಯ ಪುಸ್ತಕಗಳಲ್ಲಿ ಹೊಸ ಅರ್ಥವನ್ನು ಹುಡುಕುವಂತೆಯೂ ಇಲ್ಲ.

ಕಹಿ ಬೆರೆತ ಸಂತೋಷ

ಎಲ್ಲ ಸಂತೋಷವೂ ಒಳ್ಳೆಯದಲ್ಲ ಎಂಬುದನ್ನು ಭಾಷೆ ಬಲ್ಲದು. ಇನ್ನೊಬ್ಬರ ಸೋಲನ್ನು ಎತ್ತಿ ಆಡುತ್ತಾ ಬೀಗುವುದು ‘ಗ್ಲೋಟ್’. ತನಗೆ ತಾನೇ ಮೆಚ್ಚಿಕೊಳ್ಳುವವನು ‘ಸ್ಮಗ್’. ‘ಗ್ಲೀ’ ಮಕ್ಕಳ ವಿಷಯದಲ್ಲಿ ನಿಷ್ಕಪಟ ಹಿಗ್ಗು. ದೊಡ್ಡವರ ವಿಷಯದಲ್ಲಿ ಹಲವು ವೇಳೆ ಎದುರಾಳಿಯ ಪೇಚಾಟವನ್ನು ಕಂಡು ಪಡುವ ಕುಚೇಷ್ಟೆಯ ಖುಷಿ. ಪರರ ಕಷ್ಟದಲ್ಲಿ ಪಡುವ ಸುಖಕ್ಕೆ ಇಂಗ್ಲಿಷ್ ಜರ್ಮನ್ ಭಾಷೆಯಿಂದ ‘ಶಾಡನ್‌ಫ್ರಾಯ್ಡ’ ಎಂಬ ಪದವನ್ನು ಕಡ ತಂದಿದೆ. ಹಾನಿ ಮತ್ತು ಹರ್ಷ ಎಂಬ ಎರಡು ಪದಗಳ ಸಮಾಸ ಅದು. ‘ಕಂಪ್ಲೇಸೆಂಟ್’ ಇನ್ನೊಂದು ಬಲೆ. ಇದು ತೃಪ್ತಿಯನ್ನು ಸೂಚಿಸಿದರೂ ಅಪಾಯವನ್ನು ಕಾಣದ ಮೈಮರೆವಿನ ತೃಪ್ತಿ. ನೌಕರನ ವಾರ್ಷಿಕ ಮೌಲ್ಯಮಾಪನದಲ್ಲಿ ಈ ಪದ ಬಂದರೆ ಅದನ್ನು ದೂರೆಂದೇ ತಿಳಿಯಬೇಕು.

ಆಸ್ಪತ್ರೆಯಲ್ಲಿ, ಅಂಕಿಅಂಶಗಳಲ್ಲಿ

ಸಂತೋಷದ ಪದಗಳು ಪರಿಭಾಷೆಯಾದಾಗ ಅವುಗಳ ಅರ್ಥ ಇನ್ನಷ್ಟು ಬಿಗಿಯಾಗುತ್ತದೆ. ‘ಯೂಫೋರಿಯಾ’ ಗ್ರೀಕ್ ಮೂಲದ ವೈದ್ಯಕೀಯ ಪದವಾಗಿಯೇ ಇಂಗ್ಲಿಷಿಗೆ ಬಂದಿತು. ರೋಗಿಗೆ ಹಾಯೆನಿಸುವ ಸ್ಥಿತಿಯನ್ನು ಅದು ಸೂಚಿಸುತ್ತಿತ್ತು. ಇಂದಿನ ಮನೋವೈದ್ಯರ ಟಿಪ್ಪಣಿಯಲ್ಲಿ ‘ಯೂಫೋರಿಕ್’ ಅಥವಾ ‘ಎಲಿವೇಟೆಡ್ ಮೂಡ್’ ಎಂದಿದ್ದರೆ ರೋಗಿ ಸಂತೋಷವಾಗಿದ್ದಾನೆ ಎಂದು ಮನೆಯವರು ನಿಟ್ಟುಸಿರು ಬಿಡುವಂತಿಲ್ಲ. ಕಾರಣವಿಲ್ಲದೆ ದಿನಗಟ್ಟಲೆ ಏರಿದ ಉತ್ಸಾಹ, ಕಡಿಮೆ ನಿದ್ದೆ, ನಿಲ್ಲದ ಮಾತು - ಇವು ಒಟ್ಟುಗೂಡಿದರೆ ಬೈಪೋಲಾರ್ ಕಾಯಿಲೆಯ ಉನ್ಮಾದ ಹಂತದ ಲಕ್ಷಣಗಳಾಗಿರಬಹುದು. ಮನಃಸ್ಥಿತಿ ಸಮತೋಲದಲ್ಲಿದೆ ಎನ್ನಲು ವೈದ್ಯರು ಬರೆಯುವ ಪದ ‘ಯೂಥೈಮಿಕ್’. ಯಾವುದರಲ್ಲಿಯೂ ಸಂತೋಷವೇ ಹುಟ್ಟದ ಸ್ಥಿತಿ ‘ಆ್ಯನ್‌ಹೆಡೋನಿಯಾ’. ಫ್ರಾನ್ಸಿನ ಮನಶ್ಶಾಸ್ತ್ರಜ್ಞ ತಿಯೊಡ್ಯುಲ್ ರಿಬೊ 1896ರಲ್ಲಿ ಈ ಪದವನ್ನು ಬಳಕೆಗೆ ತಂದನು. ಖಿನ್ನತೆಯ ಮುಖ್ಯ ಲಕ್ಷಣಗಳಲ್ಲಿ ಇದೂ ಒಂದು.

ದೇಶಗಳ ಸಂತೋಷವನ್ನು ಅಳೆಯುವ ವರದಿಗಳಲ್ಲಿಯೂ ಪದದ ಸೂಕ್ಷ್ಮ ಅಡಗಿದೆ. ‘ವರ್ಲ್ಡ್ ಹ್ಯಾಪಿನೆಸ್ ರಿಪೋರ್ಟ್’ 2012ರಲ್ಲಿ ಮೊದಲ ಬಾರಿಗೆ ಪ್ರಕಟವಾಯಿತು. ಅದೇ ವರ್ಷ ವಿಶ್ವಸಂಸ್ಥೆ ಮಾರ್ಚ್ 20ನ್ನು ಅಂತರರಾಷ್ಟ್ರೀಯ ಸಂತೋಷ ದಿನವೆಂದು ಘೋಷಿಸಿತು. 2018ರಿಂದ 2025ರವರೆಗೆ ಸತತವಾಗಿ ಫಿನ್ಲೆಂಡ್ ಈ ಪಟ್ಟಿಯ ಮೊದಲ ಸ್ಥಾನದಲ್ಲಿತ್ತು. ಆದರೆ ದೇಶಗಳ ಸ್ಥಾನವನ್ನು ನಿರ್ಧರಿಸುವ ಪ್ರಶ್ನೆಯಲ್ಲಿ ‘ಹ್ಯಾಪಿ’ ಎಂಬ ಪದವೇ ಇಲ್ಲ. ಅಮೆರಿಕದ ಹ್ಯಾಡ್ಲಿ ಕ್ಯಾಂಟ್ರಿಲ್ 1960ರ ದಶಕದಲ್ಲಿ ರೂಪಿಸಿದ ವಿಧಾನದಂತೆ 0ಯಿಂದ 10ರವರೆಗಿನ ಏಣಿಯೊಂದನ್ನು ಕಲ್ಪಿಸಿಕೊಂಡು ತಮ್ಮ ಬದುಕು ಯಾವ ಮೆಟ್ಟಿಲಲ್ಲಿದೆ ಎಂದು ಜನರು ಹೇಳಬೇಕು. ಅಂದರೆ ಅಲ್ಲಿ ಅಳೆಯುವುದು ನಗು, ಉಲ್ಲಾಸಗಳನ್ನಲ್ಲ. ಬದುಕಿನ ಬಗೆಗಿನ ತೃಪ್ತಿಯನ್ನು. ‘ಫಿನ್ಲೆಂಡಿನವರು ಜಗತ್ತಿನಲ್ಲೇ ಅತ್ಯಂತ ಖುಷಿಯ ಜನ’ ಎಂಬ ತಲೆಬರಹಕ್ಕೂ ವರದಿಯ ಸಾರಾಂಶಕ್ಕೂ ಇರುವ ಅಂತರ ಇದು. ಅಮೆರಿಕದ 1776ರ ಸ್ವಾತಂತ್ರ್ಯ ಘೋಷಣೆ ‘ಹ್ಯಾಪಿನೆಸ್’ ಅರಸುವುದನ್ನು ಮನುಷ್ಯರ ಹಕ್ಕುಗಳಲ್ಲಿ ಒಂದೆಂದು ಸಾರಿದಾಗಲೂ ಆ ಪದಕ್ಕೆ ಖುಷಿಗಿಂತ ಯೋಗಕ್ಷೇಮದ ಅರ್ಥ ಹೆಚ್ಚು ಹತ್ತಿರವಾಗಿತ್ತು.

ಆಯ್ಕೆಗೆ ನಾಲ್ಕು ಪ್ರಶ್ನೆಗಳು

ಇಷ್ಟೊಂದು ಪದಗಳ ನಡುವೆ ಸರಿಯಾದುದನ್ನು ಆರಿಸಲು ನಿಘಂಟನ್ನು ಕಂಠಪಾಠ ಮಾಡಬೇಕಾಗಿಲ್ಲ. ನಾಲ್ಕು ಪ್ರಶ್ನೆಗಳನ್ನು ಕೇಳಿಕೊಂಡರೆ ಸಾಕು.

* ಎಷ್ಟು ಕಾಲದ್ದು? ಕ್ಷಣದ್ದಾದರೆ ‘ಗ್ಲ್ಯಾಡ್’, ‘ಡಿಲೈಟೆಡ್’, ನೆಲೆನಿಂತದ್ದಾದರೆ ‘ಕಂಟೆಂಟ್’, ಸ್ವಭಾವವೇ ಆಗಿದ್ದರೆ ‘ಚಿಯರ್‌ಫುಲ್’.

* ಯಾರಿಗಾಗಿ? ಸ್ವಂತ ಕೆಲಸಕ್ಕೆ ‘ಹ್ಯಾಪಿ ವಿತ್’. ಇನ್ನೊಬ್ಬರ ಏಳಿಗೆಗೆ ‘ಹ್ಯಾಪಿ ಫಾರ್’.

* ಎಷ್ಟು ತೀವ್ರ? ಸಾಧಾರಣವಾದರೆ ‘ಪ್ಲೀಸ್ಡ್’, ಮಿತಿಮೀರಿದರೆ ‘ಥ್ರಿಲ್ಡ್’, ‘ಓವರ್‌ಜಾಯ್ಡ್’.

* ಕೇಳುವವರು ಯಾರು? ಕಚೇರಿಗೆ ‘ಪ್ಲೀಸ್ಡ್’, ಆತ್ಮೀಯರಿಗೆ ‘ಓವರ್ ದ ಮೂನ್’.

ಕನ್ನಡದಲ್ಲಿ ಮದುವೆ ಮನೆಯ ಸಡಗರವನ್ನು ಯಾರೂ ನೆಮ್ಮದಿ ಎನ್ನುವುದಿಲ್ಲ. ಸಾಲ ತೀರಿಸಿದವನ ನೆಮ್ಮದಿಯನ್ನು ಯಾರೂ ಸಡಗರ ಎನ್ನುವುದಿಲ್ಲ. ಆ ವಿವೇಚನೆ ಕನ್ನಡಿಗರಿಗೆ ಹುಟ್ಟಿನಿಂದಲೇ ಬಂದಿದೆ. ಇಂಗ್ಲಿಷಿನಲ್ಲಿ ‘ಹ್ಯಾಪಿ’ ಎಂದು ಬರೆಯುವ ಮುನ್ನ, ಇದೇ ಮಾತನ್ನು ಕನ್ನಡದಲ್ಲಾದರೆ ಯಾವ ಪದದಿಂದ ಹೇಳುತ್ತಿದ್ದೆ ಎಂದು ಒಮ್ಮೆ ಯೋಚಿಸಿದರೆ ಅರ್ಧ ಕೆಲಸ ಮುಗಿದಂತೆ.